ಮುತ್ತುಗಕ್ಕಿಂತ ಮೊದಲೇ ಬಂದ ಪಂಚಮಿ

ಮುಂಬೈನ ವಿಕ್ರೋಳಿಯ ಕಾರ್ಖಾನೆ ಕಾಲೊನಿಯೊಳಗೆ ಬೀದಿದೀಪಗಳು ಇನ್ನೂ ಆರಿಲ್ಲ. ಹೂ ಮಾರುವ ಕಾಶವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತೆತ್ತಿ, ಮುತ್ತುಗದ ಮರವೊಂದರ ಸುತ್ತ ನಿಧಾನವಾಗಿ ತಿರುಗುತ್ತಿದ್ದಾರೆ. ಮರದ ತುಂಬ ಕಪ್ಪು ಮೊಗ್ಗು. ಅರಳಿದ ಹೂ ಒಂದೂ ಇಲ್ಲ.

“ಅಷ್ಟು ಗುರಾಯಿಸಿದ್ರೆ ಅದು ಹೆದರಿ ಅರಳುದೇ ಇಲ್ಲ, ಕಾಶಕ್ಕ” ಎನ್ನುತ್ತಾರೆ ಕಾಲೊನಿಯ ಮಾಲಿ, ಉಡುಪಿ ಕಡೆಯ ಕೊರಗಪ್ಪ. ಹೆಗಲ ಮೇಲೆ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ.

“ನೀವ್ ಸುಮ್ಮನ ದೋಟಿ ಹಿಡೀರಿ ಅಣ್ಣಾರ. ಗಿಡಕ್ಕಿಂತ ನಿಮ್ಮ ಬಾಯೇ ಹೆಚ್ಚ ಅರಳೈತಿ.”

ಇವತ್ತು ವಸಂತ ಪಂಚಮಿ. ಸಯನ್‌ನ ಹಳೆಯ ಬಿಲ್ಡಿಂಗೊಂದರ ಅಂಗಳದಲ್ಲಿ ಬಂಗಾಳಿ ಕುಟುಂಬಗಳು ಸರಸ್ವತಿಯನ್ನು ಕೂರಿಸುತ್ತವೆ. ಮಕ್ಕಳು ಪುಸ್ತಕ, ಕುಂಚ, ತಬಲಾ ಎಲ್ಲವನ್ನೂ ತಂದು ದೇವಿಯ ಮುಂದೆ ಇಡುತ್ತಾರೆ. ಅಂದು ಯಾರೂ ಓದುವಂತಿಲ್ಲ. ತೀರಾ ಚಿಕ್ಕವರು ಮೊದಲ ಅಕ್ಷರ ಬರೆಯುವುದೂ ಅಂದೇ. ಚೆಂಡು ಹೂ ರಾಶಿ ಬಿದ್ದಿದ್ದರೂ ಈ ಪೂಜೆಗೆ ಮುತ್ತುಗ ಬೇಕೇ ಬೇಕು. ಹದಿನಾಲ್ಕು ವರ್ಷಗಳಿಂದ ಅದನ್ನು ತಂದು ಮುಟ್ಟಿಸುತ್ತಿರುವವರು ಕಾಶವ್ವ. ಪಂಚಮಿ ಫೆಬ್ರವರಿಯಲ್ಲಿ ಬಿದ್ದರೆ ಚಿಂತೆಯಿಲ್ಲ, ಮರ ಕೆಂಪಾಗಿರುತ್ತದೆ. ಈ ಸಲ ಜನವರಿಯಲ್ಲೇ ಬಂದಿದೆ.

ಅಕ್ಷರ ಬರೆಯುವವರಲ್ಲಿ ಈ ವರ್ಷ ಅವರ ಮೊಮ್ಮಗಳು, ನಾಲ್ಕು ವರ್ಷದ ರೂಪಾಲಿಯೂ ಇದ್ದಾಳೆ. ಪೂಜೆಯ ಹಿರಿಯಾಕೆ, ಎಲ್ಲರೂ ಮಾಸಿಮಾ ಎಂದು ಕರೆಯುವ ವೃದ್ಧೆ, ತಾವೇ ಕರೆದಿದ್ದಾರೆ. “ಬರೇ ಕೈಲೆ ಹೋಗಿ ಹುಡುಗೀನ ಕುಂದ್ರಸಾಕ ನನಗ ಮನಸ ಬರಂಗಿಲ್ರಿ. ಹೂವು ಸಿಗಲಿಲ್ಲಂದ್ರ ಅಕಿ ಮುಂದಿನ ವರ್ಷ ಬರೀತಾಳ” ಎನ್ನುತ್ತಾರೆ ಕಾಶವ್ವ. ಮಗಳು ವೈಶಾಲಿಗೆ ಈ ಮಾತು ಸರಿಬಂದಿಲ್ಲ. ಅಕ್ಷರ ತಿದ್ದಲು ಹೊಸ ಪಾಟಿ ಆಗಲೇ ತಂದಿಟ್ಟಿದ್ದಾಳೆ.

ಅರವತ್ತು ದಾಟಿದ ಕಾಶವ್ವ ವಿಜಯಪುರ ಜಿಲ್ಲೆಯವರು. ಗಂಡ ಸಂಗಪ್ಪ ಪರೇಲಿನ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿತು, ಕೆಲವು ವರ್ಷಗಳಲ್ಲಿ ಅವರೂ ಹೋದರು. ಅಂದಿನಿಂದ ನಸುಕಿನ ಲೋಕಲ್ ಹಿಡಿದು ದಾದರಿನ ಹೂಮಾರುಕಟ್ಟೆ, ಅಲ್ಲಿಂದ ಸಯನ್ ಸ್ಟೇಶನ್ ರಸ್ತೆಯ ಮೂಲೆ. ಮಧ್ಯಾಹ್ನದವರೆಗೆ ಮಾಲೆ ಕಟ್ಟುತ್ತಾರೆ, ಮಾರುತ್ತಾರೆ. ಮುತ್ತುಗ ಮಾತ್ರ ಆ ಮಾರುಕಟ್ಟೆಯಲ್ಲಿ ಅವರಿಗೆ ಸಿಕ್ಕಿದ್ದೇ ಇಲ್ಲ.

“ನಮ್ಮೂರಾಗ ಮುತ್ತಲ ಎಲಿ ಮ್ಯಾಲ ಉಂಡ ಬೆಳದೀವ್ರಿ. ಅದರ ಹೂವು ಸರಸ್ವತಿಗಿ ಬೇಕಂತ ತಿಳದದ್ದು ಮುಂಬೈಗಿ ಬಂದ ಮ್ಯಾಲ.”

ಮೊದಲ ವರ್ಷ ಅವರು ಒಯ್ದದ್ದು ಬುಟ್ಟಿ ತುಂಬ ಪಾಂಗಾರ, ಅಂದರೆ ಹಾಲುವಾಣದ ಹೂ. ಅದೂ ಕೆಂಪು, ಅದೂ ಎಲೆ ಉದುರಿದ ಮರದಲ್ಲೇ ಬಿಡುತ್ತದೆ. ಯಾರೋ ಕೆಂಪು ಹೂ ಎಂದಿದ್ದರು, ತಂದುಬಿಟ್ಟಿದ್ದರು. ಮಾಸಿಮಾ ಬೈಯಲಿಲ್ಲ. ಬುಟ್ಟಿಯನ್ನು ಪಕ್ಕಕ್ಕಿಟ್ಟು, ಚಹಾ ಕುಡಿಸಿ ಕಳಿಸಿದರು. ಆ ಚಹಾ ಇನ್ನೂ ಗಂಟಲಲ್ಲೇ ಇದೆ ಎಂದು ಕಾಶವ್ವ ನಗುತ್ತಾರೆ.

ಈಗ ಕಾಲೊನಿಯ ಕಾಂಪೌಂಡಿನ ಬದಿಯಲ್ಲಿ ಪಾಂಗಾರ ಮೈತುಂಬ ಹೂ ಬಿಟ್ಟು ನಿಂತಿದೆ. ಕೊರಗಪ್ಪ ದೋಟಿಯನ್ನು ಅತ್ತ ತಿರುಗಿಸುತ್ತಾರೆ. “ಇದನ್ನೇ ಸ್ವಲ್ಪ ತಕೊಂಡು ಹೋಗಿ ಅಕ್ಕ. ಇಲ್ಲದ ವರ್ಷ ದೇವರು ಎಂತ ಹೇಳ್ತಾರೆ?”

“ತಿಳೀದ ಮಾಡಿದ್ದ ಬ್ಯಾರೆ, ತಿಳದ ಮಾಡೋದ ಬ್ಯಾರೆ. ಬ್ಯಾಡ್ರಿ.”

ಕೊರಗಪ್ಪ ತಲೆ ಕೆರೆದುಕೊಳ್ಳುತ್ತಾರೆ. “ಕ್ಯಾಂಟೀನಿನ ಹಿಂದೆ ಒಂದುಂಟು. ಮಳೆಗಾಲದಲ್ಲಿ ಅರ್ಧ ಮುರಿದು ಬಿದ್ದ ಮರ. ಒಲೆಯ ಬಿಸಿ ತಾಗಿ ಅದಕ್ಕೆ ಯಾವಾಗ್ಲೂ ಅವಸರ. ನೋಡುವಾ.”

ಮುರಿದ ಮರದ ಒಂದೇ ಕೊಂಬೆ ಕ್ಯಾಂಟೀನಿನ ಗೋಡೆಯ ಮೇಲೆ ಬಾಗಿದೆ. ಅದರ ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಕೆಲವು ಹೂ, ಉಳಿದದ್ದು ಮೊಗ್ಗು. ನೆಲಕ್ಕೆ ಬಿದ್ದದ್ದು ಪೂಜೆಗೆ ಬಾರದು, ಹಾಗಾಗಿ ಕಾಶವ್ವ ಸೆರಗು ಬಿಚ್ಚಿ ಅಗಲವಾಗಿ ಹಿಡಿಯುತ್ತಾರೆ. ದೋಟಿ ಜಗ್ಗುತ್ತದೆ. ರೆಂಬೆ ಸೆರಗಿಗೆ ಬೀಳುತ್ತದೆ, ಒಂದು ಹೂ ಮಾತ್ರ ಆಚೆ ಹಾರುತ್ತದೆ. ಕಾಶವ್ವ ಅದನ್ನೆತ್ತಿ ಕೊರಗಪ್ಪನ ಜೇಬಿಗೆ ಸಿಕ್ಕಿಸಿ, “ಬಿದ್ದದ್ದ ನಿಮಗ” ಎನ್ನುತ್ತಾರೆ.

ಸಯನ್‌ನಲ್ಲಿ ಪುರೋಹಿತರು ಮಡಿಯುಟ್ಟು ಕುಳಿತಿದ್ದಾರೆ. ಮಾಸಿಮಾ ಬುಟ್ಟಿಯೊಳಗೆ ಬಗ್ಗಿ ನೋಡುತ್ತಾರೆ.

“ಬಸ್ ಇತನಾ, ಕಾಶಿ?” ಇಷ್ಟೇನಾ ಎಂದು ಕೇಳುತ್ತಾರೆ.

“ಪೇಡ್ ನೆ ಇತನಾ ಹಿ ದಿಯಾ, ಮಾಸಿಮಾ.” ಮರ ಕೊಟ್ಟದ್ದೇ ಇಷ್ಟು ಎನ್ನುತ್ತಾರೆ ಕಾಶವ್ವ.

ವೃದ್ಧೆ ಅರಳಿದ ಹೂಗಳನ್ನು ದೇವಿಯ ಪಾದಕ್ಕೆ ಇಡಲು ಕೊಡುತ್ತಾರೆ. ಮೊಗ್ಗಿನ ರೆಂಬೆಯನ್ನು ಮಕ್ಕಳ ಪುಸ್ತಕಗಳ ಮೇಲೆ ತಾವೇ ಇಡುತ್ತಾರೆ. ಆಮೇಲೆ ರೂಪಾಲಿಯ ಸರದಿ. ಪುರೋಹಿತರಿಗೆ ಕನ್ನಡ ಬಾರದು. ವೈಶಾಲಿಯೇ ಮಗಳ ಕೈ ಹಿಡಿದು ಪಾಟಿಯ ಮೇಲೆ ‘ಅ’ ತಿದ್ದಿಸುತ್ತಾಳೆ.

“ಅಜ್ಜಿ, ದೇಖೋ ನಾ!”

ಶಾಲೆಯ ಮೆಟ್ಟಿಲು ಹತ್ತದ ಕಾಶವ್ವ ಪಾಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. “ನಮ್ಮ ಹೂವಿನಂಗ ಡೊಂಕ ಐತಿ. ಛಲೋ ಐತಿ.”

ಹೊರಡುವ ಮುನ್ನ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಖಾಲಿ ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಳ್ಳುತ್ತಾರೆ. “ಮುಂದಿನ ಸಲ ಪಂಚಮಿ ಫೆಬ್ರವರಿಯಾಗ ಬರ್ತೈತಂತ್ರಿ. ಗಿಡಕ್ಕ ಅವಸರ ಮಾಡೂದ ತಪ್ಪತೈತಿ. ಬುಟ್ಟಿ ತುಂಬ ತರ್ತೀನಿ.”