ಬಳೆ ಬಂದೂಕಿನ ಹೊಟ್ಟೆಯಲ್ಲಿ

ಈ ಸಲದ ಆಯುಧಪೂಜೆಯ ಬೆಳಿಗ್ಗೆ ಹಿರೇಗುಂಟನೂರಿನ ನಮ್ಮ ಭಾವನ ನಡುಮನೆಯಲ್ಲಿ ನಾಲ್ಕು ಜನ ಇದ್ದೆವು. ಕಾಯಿ ಹಿಡಿದು ನಿಂತ ಭಾವ ತಿಪ್ಪೇಸ್ವಾಮಿ. ಆರತಿ ತಟ್ಟೆ ಮುಂದಿಟ್ಟುಕೊಂಡು ಕುಳಿತ ನಮ್ಮ ಅಕ್ಕ ಗೌರಮ್ಮ. ಹೊಸದುರ್ಗದಿಂದ ಹಬ್ಬಕ್ಕೆಂದು ಬಂದು ಅಡುಗೆಮನೆ ಹಿಡಿದಿದ್ದ ನಮ್ಮ ಸೋದರತ್ತೆ ಹನುಮಕ್ಕ. ಕಂಬಕ್ಕೆ ಒರಗಿ ಹೋಳಿಗೆಯ ವಾಸನೆ ಕುಡಿಯುತ್ತಿದ್ದ ನಾನು.

ಐದನೆಯದು, ಗೋಡೆಗೆ ಒರಗಿದ್ದ ಬಂದೂಕು.

ಇದನ್ನು ಬರೆಯುವಾಗಲೂ ನನ್ನ ಎಡಗೈ ಬೆವರುತ್ತಿದೆ. (ಬರೆಯುವುದು ಬಲಗೈ. ಎಡಗೈ ಯಾಕೆ ಬೆವರಬೇಕು? ಹೇಳುತ್ತೇನೆ, ಸ್ವಲ್ಪ ತಡೆಯಿರಿ.)

ನಮ್ಮ ಭಾವ ನಿಮಗೆ ಗೊತ್ತಿರುವವರೇ. ಒಂದೇ ಸೈಕಲ್ಲಿಗೆ ಎರಡು ಬೆಲ್ಲು ಹಾಕಿಸಿದವರು ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅವರೇ. ಈ ಸಲ ಅವರ ಶೇಂಗಾ ಹೊಲಕ್ಕೆ ಜೋಗಿಮಟ್ಟಿ ಕಾಡಿನ ಕಡೆಯಿಂದ ಕಾಡುಹಂದಿ ಇಳಿಯುತ್ತಿವೆ. ಹಾಗಾಗಿ ಅಟ್ಟದ ಮೇಲಿದ್ದ ಅವರಪ್ಪನ ಕಾಲದ ಬಂದೂಕು ಕೆಳಗಿಳಿದಿದೆ. ಗಣಿ ಕೆಲಸಕ್ಕೆ ಬಂದಿದ್ದ ದೊರೆಯೊಬ್ಬ ಊರು ಬಿಡುವಾಗ ಕೊಟ್ಟು ಹೋದದ್ದಂತೆ. ಲೈಸೆನ್ಸ್ ಇದೆ. ಹಿಡಿಯ ಕೆಳಗೆ ಬಳೆಯಂಥ ಒಂದು ಲಿವರ್. ಅದನ್ನು ಒಮ್ಮೆ ಕೆಳಕ್ಕೆ ಎಳೆದು ಮೇಲಕ್ಕೆ ಒತ್ತಿದರೆ ಹಳೇ ತೋಟಾ ಹೊರಗೆ, ಹೊಸ ತೋಟಾ ಒಳಗೆ. ಊರವರೆಲ್ಲ ಅದನ್ನು ಕರೆಯುವುದೇ ಬಳೆ ಬಂದೂಕು ಎಂದು.

ತೋಟಾ ಎಲ್ಲಿಂದ ಬರಬೇಕು? ಪರದೇಶದ ಮಾಲು ಬರುವುದು ನಿಂತು ಎಷ್ಟೋ ಕಾಲವಾಯಿತು. ಹಳೆಯ ಹಿತ್ತಾಳೆ ತೋಟಾಗಳನ್ನೇ ದುರ್ಗದ ಬಂದೂಕು ರಿಪೇರಿಯವರೊಬ್ಬರ ಹತ್ತಿರ ಮತ್ತೆ ತುಂಬಿಸಬೇಕು. ಗುಂಡನ್ನು ಮಾತ್ರ ಭಾವ ತಾವೇ ಎರಕ ಹೊಯ್ಯುತ್ತಾರೆ. ಬರೀ ಸೀಸ ಮೆತ್ತಗಾಗಿ ನಳಿಗೆಯ ಒಳಗೆ ಮೆತ್ತಿಕೊಳ್ಳುತ್ತದೆಂದು, ಯಾವುದೋ ಪ್ರೆಸ್ಸಿನವರು ಬಿಸಾಡಿದ ಸವೆದ ಅಚ್ಚಿನ ಮೊಳೆಗಳನ್ನು ತಂದು ಬೆರೆಸಿದ್ದಾರೆ. ಆಗ ಗುಂಡು ಗಟ್ಟಿ. (ನನ್ನ ಅಂಕಣ ಅಚ್ಚಾಗುವುದೂ ಅಂಥ ಮೊಳೆಗಳಲ್ಲೇ. ಯಾರಿಗೂ ತಾಗದೆ ಹೋದ ನನ್ನ ಮಾತುಗಳು ಹೀಗಾದರೂ ಹಂದಿಗೆ ತಾಗಲಿ ಎಂದುಕೊಂಡೆ.)

ಹಬ್ಬದ ಹಿಂದಿನ ಸಂಜೆ ಭಾವ ಒಂದು ಗುಂಡನ್ನು ನನ್ನ ಅಂಗೈ ಮೇಲಿಟ್ಟರು.

"ಮುಟ್ಟಿ ನೋಡಪ್ಪ ಪೇಪರ್ ಸಾಹೇಬ. ಹೆಂಗೈತೆ?"

ಮುಟ್ಟಿದೆ. ತುದಿ ಚುಚ್ಚಿತು.

"ಹೊಸಾ ಅಚ್ಚು ಮಾಡಿಸೀನಿ. ಹಳೇವು ಎತ್ತಿನ ಮೂತಿ ಇದ್ದಂಗೆ ಚಪ್ಪಟೆ ಇದ್ವು. ಇದು ನೋಡು, ಸೂಜಿ! ಗಾಳಿ ಸೀಳ್ಕಂಡು ಹೋಗ್ತೈತೆ."

"ಹಂದಿ ಎಷ್ಟು ದೂರದಲ್ಲಿರುತ್ತೆ ಭಾವ?"

"ಇಲ್ಲಿಂದ ಆ ಹುಣಸೇಮರದಷ್ಟು."

"ಅಷ್ಟಕ್ಕೆ ಗಾಳಿ ಯಾಕೆ ಸೀಳಬೇಕು?"

"ನೀನು ಬರಿಯೋದ್ರಾಗೆ ಇಂಗ್ಲಿಷ್ ಯಾಕೆ ತುರುಕ್ತೀಯ? ಹಂಗೇ ಇದೂ. ನೋಡೋಕೆ ಚೆಂದ."

ನಾವೆಲ್ಲ ಹಾಗೇ ಅಲ್ಲವೇ? ಹೆಣ್ಣಿಗೆ ಚೂಪು ಮೂಗು ಇರಲಿ, ಗಂಡಿನ ಬುದ್ಧಿ ಚೂಪಿರಲಿ, ಶೂ ಕೂಡ ಚೂಪಿರಲಿ. ಚೂಪಾಗಿದ್ದರೆ ಸಾಕು, ಒಳ್ಳೆಯದೆಂದು ಆರಿಸಿಕೊಂಡುಬಿಡುತ್ತೇವೆ. ಎಲ್ಲಿಗೆ ಚುಚ್ಚುತ್ತದೆ ಎಂದು ಕೇಳುವವರು ಯಾರು?

ಭಾವನ ಮನೆಯಲ್ಲಿ ಒಂದು ಪದ್ಧತಿ ಇದೆ. ಖಾಲಿ ಇರುವ ಯಾವುದನ್ನೂ ಪೂಜೆಗೆ ಕೂರಿಸುವುದಿಲ್ಲ. ಸೇರಿಗೆ ರಾಗಿ ತುಂಬಬೇಕು. ಲಾಟೀನಿಗೆ ಸೀಮೆಎಣ್ಣೆ. ಕೊಡಕ್ಕೆ ನೀರು. ನನ್ನ ಪೆನ್ನನ್ನೂ ಕಿತ್ತುಕೊಂಡು ಇಂಕು ತುಂಬಿಯೇ ಇಟ್ಟರು. ಹಾಗೆಯೇ ಬಂದೂಕಿನ ಹೊಟ್ಟೆಯೂ ತುಂಬಿರಬೇಕು. ಹಿಂದೆ ಅವರಲ್ಲಿ ಮದ್ದು ಗಿಡಿಯುವ ಕೋವಿ ಇತ್ತಂತೆ. ಅದಕ್ಕೆ ಮದ್ದು ಗಿಡಿದು, ಮದ್ದಿಗೆ ಕಿಡಿ ಕೊಡುವ ಕೇಪು ಮಾತ್ರ ಹಚ್ಚದೆ ಪೂಜೆಗೆ ಇಡುತ್ತಿದ್ದರು. ಕೇಪಿಲ್ಲದ ಕೋವಿ ಊರುಗೋಲಿನಷ್ಟೇ ಸಾಧು. ಪೂಜೆ ಮುಗಿಸಿ, ಅದರ ಬುಡ ಊರಿದ ಕಲ್ಲು ಚಪ್ಪಡಿಗೇ ಕಾಯಿ ಕುಟ್ಟಿ ಒಡೆಯುತ್ತಿದ್ದರು.

ಈ ಸಲ ಆ ಜಾಗದಲ್ಲಿ ನಿಂತದ್ದು ಬಳೆ ಬಂದೂಕು. ನಳಿಗೆ ಮೇಲಕ್ಕೆ, ಬುಡ ಚಪ್ಪಡಿಯ ಮೇಲೆ. ಕೊರಳಿಗೆ ಸೇವಂತಿಗೆ ಹಾರ. ಹೊಟ್ಟೆಯ ತುಂಬ ಹೊಸ ತೋಟಾ. ಮಿಕ್ಕ ಒಂದೇ ಒಂದು ತೋಟಾಕ್ಕೆ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟಿದ್ದರು.

ಅತ್ತೆ ಹೋಳಿಗೆಯ ಎಡೆ ತಂದಿಟ್ಟರು. ಏಳುವಾಗ ಕೈ ಆ ತೋಟಾದ ಮೇಲೆ ಹೋಯಿತು. ಅದರ ಮೂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಭಾವ ಕಾಯಿ ಎತ್ತಿದ್ದರು.

"ಅಳಿಯಂದ್ರೆ, ಕಾಯಿ ಒಡೀಬ್ಯಾಡ್ರಿ."

"ಯಾಕತ್ತೆ, ಮುಹೂರ್ತ ನೋಡಬೇಕಾ?" ಭಾವ ನಕ್ಕರು. ಕೈ ಇನ್ನೂ ಮೇಲಿತ್ತು.

"ಬ್ಯಾಡ ಅಂದ್ನಲ್ರಿ."

"ಹಸಿವು ಐತೆ ಅತ್ತೆ..."

"ಇಡೋ ಕೆಳಗೆ!"

ಅತ್ತೆ ಅಳಿಯನ ಎದುರು ಸೆರಗು ಸರಿಮಾಡಿಕೊಳ್ಳದೆ ನಿಂತವರಲ್ಲ. ಅವರ ಬಾಯಿಂದ ಏಕವಚನ ಬಂದದ್ದು ಕೇಳಿ ಭಾವನ ನಗು ಇಳಿಯಿತು. ಕಾಯಿಯೂ ಇಳಿಯಿತು. ಅತ್ತೆಯ ಮುಖ ಬೂದಿ ಬಣ್ಣವಾಗಿತ್ತು.

"ಇಂಥವೇ ಏನ್ರಿ ಒಳಗಿರೋವು? ಎಲ್ಲಾವೂ ಚೂಪಾ?"

"ಹೂಂ. ಯಾಕೆ?"

ಅತ್ತೆ ಪಿಸುಮಾತಿನಲ್ಲಿ ಹೇಳಿದರು, ಬಂದೂಕಿಗೆ ಕೇಳಿಸಬಾರದು ಎಂಬಂತೆ.

ಈ ಬಂದೂಕಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡಕ್ಕೆ ತಾಗಿರುತ್ತದೆ. ಬುಡದ ನಟ್ಟನಡುವೆ ಇರುವುದು ಕೇಪು. ಪೆಟ್ಟು ಬಿದ್ದರೆ ಸಿಡಿಯುವ ಕೇಪು. ಮೂತಿ ಚಪ್ಪಟೆಯಾಗಿದ್ದರೆ ಭಾರ ಹರಡಿ ಸುಮ್ಮನಿರುತ್ತದೆ. ಚೂಪಾಗಿದ್ದರೆ? ಪ್ರತಿಯೊಂದು ಗುಂಡೂ ಮುಂದಿನದರ ಕೇಪಿಗೆ ಮೊಳೆ ಇಟ್ಟು ಕಾಯುತ್ತಿರುತ್ತದೆ. ಸುತ್ತಿಗೆ ಏಟೊಂದು ಬಾಕಿ.

"ನಿಮ್ಮ ಮಾವನ ಎಡಗೈ ನೆಪ್ಪೈತೇನೋ?" ಅತ್ತೆ ನನ್ನ ಕಡೆ ತಿರುಗಿದರು.

ನೆನಪಿಲ್ಲದೆ ಏನು? ಅತ್ತೆಯ ಗಂಡ, ನಮ್ಮ ಮಾವ, ಸತ್ತು ಬಹಳ ದಿನವಾದರೂ ಆ ಕೈ ಮರೆತಿಲ್ಲ. ಬೆರಳುಗಳಿಲ್ಲದ ಕೈ. ಸದಾ ಶಾಲಿನೊಳಗೆ. ಚಿರತೆ ಕಚ್ಚಿದ್ದು ಎಂದು ನಾವು ಮಕ್ಕಳೆಲ್ಲ ನಂಬಿದ್ದೆವು. ಮಾವನೂ ಅಲ್ಲ ಅಂದಿರಲಿಲ್ಲ.

"ಚಿರತೆಯೂ ಅಲ್ಲ, ಎಂಥದ್ದೂ ಅಲ್ಲ. ಇಂಥದೇ ಬಂದೂಕು, ಇಂಥವೇ ಗುಂಡು. ಹೊಡೀಲೂ ಇಲ್ಲ ಅವತ್ತು. ಗಾಡಿಯಿಂದ ಇಳಿಯೋವಾಗ ಬುಡ ಕಲ್ಲಿಗೆ ತಾಗ್ತು. ಅಷ್ಟೇ."

ಚಪ್ಪಡಿ ನೋಡಿದೆ. ಕಾಯಿ ನೋಡಿದೆ. ಆಮೇಲೆ ಅಕ್ಕನನ್ನು ನೋಡಿದೆ. ಅವಳು ಬಂದೂಕಿಗೆ ಎಷ್ಟು ಹತ್ತಿರ ಕುಳಿತಿದ್ದಳೆಂದರೆ ಸೇವಂತಿಗೆ ಹಾರ ಅವಳ ಹಣೆಗೆ ತಾಗುವಂತಿತ್ತು. ಕೊಳವೆ ಅವಳ ಮುಖದ ನೇರಕ್ಕೆ.

"ನಾನು ಏಳ್ಲೋ, ಬ್ಯಾಡ್ವೋ?" ಅಕ್ಕ ಕೇಳಿದಳು. ತುಟಿ ಮಾತ್ರ ಅಲುಗಿತು.

"ಮೆಲ್ಲಗೆ ಏಳು ಗೌರಿ," ಅಂದರು ಭಾವ. ಅವರ ದನಿ ನನಗೆ ಗುರುತು ಸಿಗಲಿಲ್ಲ.

"ಕಾಲು ಜೋಮು ಹಿಡಿದೈತೆ."

ಎದ್ದಳು. ಸೆರಗಿನ ತುದಿ ಪೂಜೆಗೆಂದು ಪಕ್ಕದಲ್ಲೇ ನಿಲ್ಲಿಸಿದ್ದ ಎರಡು ಬೆಲ್ಲಿನ ಸೈಕಲ್ಲಿನ ಪೆಡಲಿಗೆ ಸಿಕ್ಕಿತು. ಸೈಕಲ್ಲು ವಾಲಿತು. ಹ್ಯಾಂಡಲ್ ಬಂದೂಕನ್ನು ತಳ್ಳಿತು. ಬಂದೂಕು ಗೋಡೆಯ ಉದ್ದಕ್ಕೂ ಜಾರತೊಡಗಿತು.

ನಾನು ಧೈರ್ಯವಂತನಲ್ಲ. ಹಲ್ಲಿ ಬಿದ್ದರೂ ಕುರ್ಚಿ ಹತ್ತುವವನು. ಆದರೂ ಹೇಗೆ ಹಾರಿದೆನೋ, ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಸೈಕಲ್ಲು ನೆಲಕ್ಕೆ ಬಿದ್ದು ಎರಡೂ ಬೆಲ್ಲು ಕಿಣಿಗುಟ್ಟಿದವು. ಅಕ್ಕ ಕಿರುಚಿದಳು.

ನನ್ನ ಎಡಗೈ ಎಲ್ಲಿತ್ತು? ಸರಿಯಾಗಿ ಆ ಕೊಳವೆಯ ಮೇಲೆ.

ಬಿಡುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ಕೈ ಬೆವರಿದಷ್ಟೂ ಕಬ್ಬಿಣ ಜಾರುತ್ತದೆ. ಜಾರಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಶಾಲಿನೊಳಗಿನ ಮಾವನ ಕೈ ನನ್ನ ಕೈಯ ಪಕ್ಕದಲ್ಲೇ ಇದ್ದಂತೆ ಅನಿಸಿತು.

"ಬಳೆ ಎಳೆದುಬಿಡಾಣ, ಒಂದೊಂದೇ ಹೊರಗೆ ಬೀಳ್ತವೆ," ಭಾವ ಹತ್ತಿರ ಬಂದರು.

"ಬ್ಯಾಡ್ರಿ," ಅತ್ತೆಗೆ ಬಹುವಚನ ಮರಳಿತ್ತು. "ಬಳೆ ಎಳೆದ್ರೆ ಒಳಗಿರೋವು ಒಂದಕ್ಕೊಂದು ಗುದ್ದಾಡ್ತವೆ. ಕೊಳವೆ ತುದಿ ಬಿರಡೆ ಬಿಚ್ಚಿ, ಬಗ್ಗಿಸಿ, ಜಾರಿಸ್ತಿದ್ರು ನಮ್ಮನೆಯೋರು. ಆದ್ರೂ ನನಗೆ ಗ್ಯಾರಂಟಿ ಗೊತ್ತಿಲ್ರಪ್ಪ. ನಾನು ದೂರ ನಿಂತು ನೋಡಿದ್ದು ಅಷ್ಟೇ."

ಗ್ಯಾರಂಟಿ ಗೊತ್ತಿಲ್ಲ! ಅದನ್ನು ಹೇಳದಿದ್ದರೆ ಏನಾಗುತ್ತಿತ್ತು?

ಹೆಂಗಸರು ಹಿತ್ತಿಲ ಗೋಡೆಯ ಆಚೆ ಹೋದರು. ನಾನು ನೀರು ತುಂಬಿದ ಗಡಿಗೆ ಹೊತ್ತವನಂತೆ ಅಂಗಳ ದಾಟಿ ಕಣಕ್ಕೆ ಹೋದೆ. ಹುಲ್ಲಿನ ಹೊರೆಯ ಮೇಲೆ ಬಂದೂಕನ್ನು ಅಡ್ಡ ಮಲಗಿಸಿದೆವು, ನಳಿಗೆ ಖಾಲಿ ಹೊಲದ ಕಡೆಗೆ. ನಾನು ಹಿಡಿಯ ಹತ್ತಿರ ಕೈಯಿಟ್ಟೆ. ಭಾವ ಪಕ್ಕಕ್ಕೆ ಕುಳಿತು ಸ್ಕ್ರೂಡ್ರೈವರ್ ಹಚ್ಚಿದರು. ಅದು ಸ್ಕ್ರೂವಿನ ಗೀರಿಗೆ ಕೂರುತ್ತಲೇ ಇಲ್ಲ.

"ಭಾವ, ನೀವು ಹೆದರಿಕೊಂಡ್ರೆ ನಾನೇನು ಮಾಡ್ಲಿ?"

"ಬಾಯಿ ಮುಚ್ಕಂಡು ನೀನೂ ಹೆದ್ರಿಕ್ಯ."

ಬಿರಡೆ ಬಂತು. ಉದ್ದನೆಯ ಸ್ಪ್ರಿಂಗನ್ನು ಭಾವ ಬೆರಳಲ್ಲಿ ಅದುಮಿ ಇಷ್ಟಿಷ್ಟೇ ಬಿಟ್ಟರು. ನಾನು ಉಸಿರು ಹಿಡಿದು ಬುಡವನ್ನು ತುಸು ಎತ್ತಿದೆ. ಮೊದಲ ತೋಟಾ ಜಾರಿ ಕೆಳಗೆ ಹಾಸಿದ್ದ ಗೋಣಿಯ ಮೇಲೆ ಬಿತ್ತು. ಸದ್ದೇ ಇಲ್ಲ. ಇನ್ನೊಂದು. ಮತ್ತೊಂದು. ಕೊನೆಯದು ಬಂದ ಮೇಲೂ ಭಾವ ಕೊಳವೆಯೊಳಗೆ ಕಡ್ಡಿ ಹಾಕಿ ನೋಡಿದರು. ಆಮೇಲೆ ಬಳೆ ಎಳೆದು ನಳಿಗೆಯನ್ನೂ ನೋಡಿದರು. ಖಾಲಿ.

ಒಂದೊಂದನ್ನೇ ಎತ್ತಿ ಬುಡ ನೋಡುತ್ತಾ ಬಂದವರು ಒಂದರ ಬಳಿ ನಿಂತರು. ಅದನ್ನು ನನ್ನ ಕಡೆ ಚಾಚಿದರು. ಹೊಳೆಯುವ ಕೇಪಿನ ನಡುವೆ ಒಂದು ಸಣ್ಣ ತಗ್ಗು. ಎಳ್ಳಿನಷ್ಟು.

ಕಾಯಿಯ ಏಟು ಬಿದ್ದಿದ್ದರೆ ಆ ತಗ್ಗು ಎಳ್ಳಿನಷ್ಟೇ ಇರುತ್ತಿತ್ತೇ?

ಈ ವರ್ಷದ ಪೂಜೆಗೆ ಬಂದೂಕು ಖಾಲಿ ಹೊಟ್ಟೆಯಲ್ಲೇ ಕೂತಿತು. ಯಾವ ದೇವರೂ ಮುನಿಸಿಕೊಂಡಂತೆ ಕಾಣಲಿಲ್ಲ. ಹೋಳಿಗೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಮಧ್ಯಾಹ್ನ ಭಾವ ಹಳೆಯ ಚಪ್ಪಟೆ ಮೂತಿಯ ಗುಂಡುಗಳ ಡಬ್ಬಿ ತಂದು ಅತ್ತೆಯ ಮುಂದಿಟ್ಟರು. "ಆರಿಸಿಕೊಡ್ರಿ ಅತ್ತೆ. ನನ್ನ ಕಣ್ಣ ನಾನಿನ್ನು ನಂಬೋದಿಲ್ಲ." ಅತ್ತೆ ಮೊರದಲ್ಲಿ ಹರಡಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕುಳಿತರು. ಮಾವನ ಕೈ ಹೋದ ಮೇಲೆ ಅವರ ಗುಂಡುಗಳನ್ನೆಲ್ಲ ಹೀಗೆ ಆರಿಸಿಕೊಟ್ಟದ್ದು ಅವರೇ ಅಂತೆ.

"ಕೈ ಹೋದ ಮೇಲೂ ಮಾವ ಬಂದೂಕು ಬಿಡಲಿಲ್ಲವಾ ಅತ್ತೆ?"

"ಗಂಡಸ್ರು ಬಿಡ್ತಾರೇನೋ? ಅವರು ಬಿಡಲ್ಲ ಅಂತ್ಲೇ ನಾನು ಆರಿಸೋಕೆ ಕುಂತಿದ್ದು. ನಿದ್ದೆ ಬರಬೇಕಲ್ಲ ನನಗೆ?"

ಮೈ ಸುಕ್ಕಾದ ಗುಂಡು ಒಂದು ಕಡೆ. ಬುಡ ಮುಕ್ಕಾದದ್ದು ಅದರ ಜೊತೆ. ಅವು ಸೊಟ್ಟಗೆ ಹೋಗುತ್ತವಂತೆ. ಮೂತಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಬೀಳದೆ ನಿಂತದ್ದು ಮಾತ್ರ ಡಬ್ಬಿಗೆ. ಚೂಪು ಗುಂಡುಗಳನ್ನು ಭಾವ ಇಕ್ಕಳದಲ್ಲಿ ಹಿಡಿದು ತೋಟಾದಿಂದ ತಾವೇ ಒಂದೊಂದಾಗಿ ಕಿತ್ತರು. ಸೀಸವೆಲ್ಲ ಮತ್ತೆ ಬಾಣಲೆಗೆ ಹೋಯಿತು.

ನಾನು ಯೋಚಿಸುತ್ತಿದ್ದೆ. ನಾವು ಕೈಮುಗಿದು ನಿಲ್ಲುವ ಎಷ್ಟು ವಸ್ತುಗಳ ಹೊಟ್ಟೆಯಲ್ಲಿ ಏನು ತುಂಬಿದೆ ಎಂದು ನಮಗೆ ಗೊತ್ತು? ಹಿಂದಿನವರು ಮಾಡಿದ್ದನ್ನೇ ಮಾಡಿದೆವು. ಆದರೆ ಹಿಂದಿನವರ ಕೋವಿಗೆ ಕೇಪು ಇರಲಿಲ್ಲ.

ಮೊನ್ನೆ ಸೋಮವಾರ ಮತ್ತೆ ಹೋಗಿದ್ದೆ. ಬಂದೂಕು ಗೋಡೆಯ ಗೂಟದಲ್ಲಿ ಖಾಲಿ ತೂಗುತ್ತಿತ್ತು. ಚಟ್ನಿಗೆ ಕಾಯಿ ಬೇಕಾಯಿತು. ಅಕ್ಕ ಕಾಯಿ ಕೈಗೆ ತೆಗೆದುಕೊಂಡು ಗೂಟದ ಕಡೆ ಒಮ್ಮೆ ನೋಡಿದಳು. ಅಂಗಳ ದಾಟಿದಳು, ಕಣ ದಾಟಿದಳು, ಶೇಂಗಾ ಹೊಲದ ಬದುವಿನ ಕಲ್ಲಿನವರೆಗೆ ನಡೆದುಹೋಗಿ ಒಡೆದುಕೊಂಡು ಬಂದಳು.