ನಾನು ಅರೆಯದ ಒಂದು ಹಿಡಿ

ಎಂಬತ್ತರ ದಶಕದ ನಡುವಿನ ವರ್ಷಗಳು. ತಮಿಳುನಾಡಿನ ಉಡುಮಲೈಪೇಟೆಯ ಹತ್ತಿರ, ಮನೆಯಲ್ಲಿ ಕನ್ನಡ ಆಡುವ ನಮ್ಮ ನೇಕಾರರ ಬೀದಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಎದುರು ಮನೆಯಲ್ಲಿ ನನಗಿಂತ ಆರೇಳು ವರ್ಷ ದೊಡ್ಡವಳೊಬ್ಬಳಿದ್ದಳು. ಅಕ್ಕ ಎಂದು ಕರೆಯುತ್ತಿದ್ದೆ. ಮಧ್ಯಾಹ್ನ ಅವಳ ಜಗಲಿಯಲ್ಲಿ ಕುಳಿತು ಇಬ್ಬರೂ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ನನ್ನ ನೂಲು ಸಿಕ್ಕಾದರೆ ಕಿತ್ತುಕೊಂಡು ಬಿಡಿಸಿ, ಮತ್ತೆ ನನ್ನ ಮಡಿಲಿಗೆ ಹಾಕುತ್ತಿದ್ದಳು. ತವರು ಬಿಟ್ಟ ಮೇಲೆ ನಾನು ಜೋರಾಗಿ ನಕ್ಕದ್ದು ಆ ಜಗಲಿಯಲ್ಲಿ ಮಾತ್ರ.

ಬೀದಿಯ ಅಮ್ಮನ ಗುಡಿಯನ್ನು ಮನೆಗೊಂದು ವಾರದಂತೆ ಹೆಂಗಸರೇ ಗುಡಿಸಿ ತೊಳೆಯುತ್ತಿದ್ದೆವು. ಅಕ್ಕನ ವಾರದಲ್ಲಿ ಬೆಳ್ಳಿಯ ಆರತಿ ತಟ್ಟೆ ಕಾಣೆಯಾಯಿತು. ಕೀಲಿ ಅವಳ ಬಳಿ ಇತ್ತು. ಪೂಜಾರಿಯ ಬಳಿಯೂ ಇನ್ನೊಂದಿತ್ತು. ಯಾರೂ ಅವಳನ್ನು ನೇರವಾಗಿ ಕೇಳಲಿಲ್ಲ. ಅವಳು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ತಿಂಗಳೊಳಗೆ ಅವಳ ಗಂಡನಿಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಅವರು ಮನೆ ಖಾಲಿ ಮಾಡಿದರು. ಹೋದದ್ದೇ ಸಾಕ್ಷಿಯಾಯಿತು.

ಒಂದು ಶುಕ್ರವಾರ ಭಜನೆ ಮುಗಿದ ಮೇಲೆ ಹಿರಿಯ ಹೆಂಗಸರು ತೀರ್ಮಾನಿಸಿದರು. ಆನೈಮಲೈಗೆ ಹೋಗಿ ಮಾಸಾಣಿ ಅಮ್ಮನ ಗುಡಿಯಲ್ಲಿ ಮೆಣಸಿನಕಾಯಿ ಅರೆಯುವುದು. ಅನ್ಯಾಯವಾದವರು ಅಲ್ಲಿ ಒಣಮೆಣಸಿನಕಾಯಿ ಅರೆದು ಅಮ್ಮನ ನ್ಯಾಯದ ಕಲ್ಲಿಗೆ ಬಳಿದರೆ ತಪ್ಪು ಮಾಡಿದವರ ಮೈ ಉರಿಯುತ್ತದೆ ಎಂಬ ನಂಬಿಕೆ. ನಾನೂ ನಂಬಿದ್ದೆ. ಮನೆಗೊಬ್ಬರು ಒಂದು ಹಿಡಿ ಅರೆಯಬೇಕು, ಅರೆಯದ ಮನೆ ಕಳ್ಳಿಯ ಕಡೆಯದು ಎಂದರು. ಅತ್ತೆಗೆ ಮಣಿಕಟ್ಟು ನೋವು. ನಮ್ಮ ಮನೆಯ ಹಿಡಿ ನನ್ನ ಪಾಲಿಗೆ ಬಂತು. ತಪ್ಪು ಮಾಡಿರದಿದ್ದರೆ ಅಕ್ಕನಿಗೆ ಏನೂ ಆಗದು ಎಂದುಕೊಂಡು ಅತ್ತೆಯೊಡನೆ ಬಸ್ಸು ಹತ್ತಿದೆ.

ಗುಡಿಯಲ್ಲಿ ಅಕ್ಕನ ಹೆಸರು ಹೇಳಿ ಅರೆಯಬೇಕಿತ್ತು. ಒಬ್ಬೊಬ್ಬರೂ ಹೇಳಿದರು. ಗಾಟು ಗಂಟಲಿಗೆ ಹತ್ತಿ ಎಲ್ಲರೂ ಕೆಮ್ಮುತ್ತಿದ್ದರು. ನನ್ನ ಸರದಿ ಬಂದಾಗ ಆ ಹೆಸರು ನಾಲಿಗೆಗೆ ಬರಲಿಲ್ಲ.

"ಏನಮ್ಮ, ನಿಂತ್ಬಿಟ್ಟೆ? ಕೂತ್ಕೋ," ಎಂದರು ಅತ್ತೆ.

"ನಾ ಅರೆಯಲ್ಲ ಅತ್ತೆ."

"ಯಾಕೆ?"

"ಅಕ್ಕ ಎತ್ತಿದ್ದನ್ನ ನಾ ನೋಡಿಲ್ಲ."

ಅತ್ತೆಯ ಹಿರಿಯ ಸೋದರಿ ಹಿಂದಿನಿಂದ ನಕ್ಕರು. "ಒಂಬತ್ತನೇ ಕ್ಲಾಸ್ ಓದಿದ ಸೊಸೆ! ಅಮ್ಮನ ಹತ್ರಾನೇ ಸಾಕ್ಷಿ ಕೇಳ್ತಾಳೆ."

ಆದರೂ ನಾನು ಕೂರಲಿಲ್ಲ. ಅತ್ತೆ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನನ್ನ ಹಿಡಿಯಲ್ಲಿದ್ದ ಮೆಣಸಿನಕಾಯಿ ಬಿಡಿಸಿಕೊಂಡು, ತಾವೇ ಕುಳಿತು, ಆ ನೋಯುವ ಕೈಯಲ್ಲಿ ಅರೆದರು. ಹೀಗೆ ನಮ್ಮ ಮನೆಯ ಪಾಲೂ ಆ ಕಲ್ಲಿಗೆ ಸೇರಿತು. ಇದನ್ನು ಬಿಟ್ಟು ಹೇಳಿದರೆ ನಾನು ಹೇಳುವುದು ಸುಳ್ಳಾಗುತ್ತದೆ.

ಆರೇಳು ತಿಂಗಳ ಮೇಲೆ ಒಂದು ಮದುವೆಗೆ ಹೋದಾಗ ತಿರುಪ್ಪೂರು ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಮೈಗೇನೂ ಆಗಿರಲಿಲ್ಲ, ಮೊದಲು ನೋಡಿದ್ದು ಅದನ್ನೇ. ನಾನು ಹಾಗೆ ನೋಡಿದ್ದನ್ನು ಅವಳು ಗಮನಿಸಿದಳು.

"ಅರೆದ್ರಂತೆ," ಎಂದಳು. "ನೀನೂ ಬಂದಿದ್ಯಾ?"

"ಬಂದಿದ್ದೆ ಅಕ್ಕ. ಕೈ ಹಾಕ್ಲಿಲ್ಲ."

"ಆದ್ರೂ ಹೋದ್ಯಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಅವಳ ಬಸ್ಸು ಬಂತು. ಮನೆಗೆ ಬಾ ಎನ್ನಲಿಲ್ಲ. ನಮ್ಮವರು ದಾರಿಯಲ್ಲಿ ಸಿಕ್ಕ ಯಾರಿಗಾದರೂ ಹೇಳುವ ಮಾತು ಅದು.

ಮರುವರ್ಷ ಬೀದಿಯಲ್ಲಿ ಇನ್ನಾರದೋ ಜಗಳಕ್ಕೆ ಮತ್ತೆ ಆನೈಮಲೈಗೆ ಹೊರಟರು. ಕರೆಯಲು ಬಂದವರಿಗೆ ಹೊಸ್ತಿಲಲ್ಲೇ ನಿಂತು ಹೇಳಿದೆ: "ಭಜನೆಗೆ ಬರ್ತೀನಿ. ಗುಡಿ ತೊಳೀತೀನಿ. ಇದಕ್ಕೆ ಮಾತ್ರ ಬರಲ್ಲ." ಅವರು ಗೊಣಗಿಕೊಂಡು ಹೋದರು.

ಆ ಮಾತು ಅಕ್ಕನಿಗೆ ತಿಳಿಯಬೇಕೆಂದು ಎಷ್ಟು ಆಸೆಯಾಯಿತೆಂದರೆ, ಅಂದೇ ಕಾಗದ ಬರೆಯಲು ಕುಳಿತೆ. ಆಗ ನಮ್ಮಿಬ್ಬರಿಗೂ ಬರುತ್ತಿದ್ದುದು ತಮಿಳು ಅಕ್ಷರ ಮಾತ್ರ; ಆದರೆ ಅವಳೊಡನೆ ನಾನು ಒಂದು ದಿನವೂ ತಮಿಳಿನಲ್ಲಿ ಮಾತನಾಡಿರಲಿಲ್ಲ. ಅಕ್ಕ ಎಂಬುದು ಎರಡು ಭಾಷೆಯಲ್ಲೂ ಒಂದೇ. ಅಷ್ಟು ಬರೆದೆ. ಮುಂದೆ ತಮಿಳಿನಲ್ಲಿ ಬರೆದದ್ದೆಲ್ಲ ಬೇರೆ ಯಾರಿಗೋ ಬರೆದಂತೆ ಕಂಡಿತು.