ಇಳಿಜಾರಿನಲ್ಲಿ ರಷ್ಯಾ ಸ್ಕೂಟರ್

ಅಂಗಳದಲ್ಲಿ ನಾವು ನಾಲ್ವರಿದ್ದೆವು. ಗಾಡಿಯ ಯಜಮಾನ, ನನ್ನ ಶಾಲಾದಿನಗಳ ಗೆಳೆಯ ಸದಾನಂದ. ಮಡಂತ್ಯಾರಿನ ಮೆಕ್ಯಾನಿಕ್ ಹಮೀದಾಕ. ಗಾಡಿ ನೋಡಿ ಕೊಳ್ಳಲು ಮೈಸೂರಿನಿಂದ ಬಂದಿದ್ದ ಪ್ರವೀಣ್ ಎಂಬ ಗಡ್ಡದ ಯುವಕ. ಮತ್ತೆ ನಾನು.

ನನಗೇನು ಕೆಲಸ ಅಲ್ಲಿ? "ಸುಮ್ಮನೆ ಬಂದು ನಿಂತ್ಕೊ ಮಾರಾಯ. ಪೇಪರಿಗೆ ಬರೆಯುವವ ಇದ್ದರೆ ಒಂದು ತೂಕ" ಎಂದು ಸದಾನಂದ ಫೋನ್ ಮಾಡಿದ್ದ. ತೂಕವಾಗಿ ನಿಂತಿದ್ದೆ.

ಸ್ಕೂಟರ್ ಸೋವಿಯತ್ ಕಾಲದ್ದು. ಸದಾನಂದನ ಮಾವ ಉತ್ತರದ ಕಡೆ ಒಂದು ಉಕ್ಕಿನ ಕಾರ್ಖಾನೆಯ ಬಳಿ ಹೋಟೆಲ್ ಇಟ್ಟಿದ್ದರು. ಅಲ್ಲಿ ದಿನಾ ದೋಸೆ ತಿನ್ನುತ್ತಿದ್ದ ರಷ್ಯಾದ ಇಂಜಿನಿಯರ್ ಊರಿಗೆ ಹೊರಡುವಾಗ ಕೊಟ್ಟುಹೋದದ್ದು. ತಿಳಿ ಹಸಿರು ಬಣ್ಣ. ಮುಂದುಗಡೆ ನಮಗ್ಯಾರಿಗೂ ಓದಲು ಬಾರದ ಅಕ್ಷರಗಳು. ಇಂಥದ್ದು ಈ ಜಿಲ್ಲೆಯಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಹಮೀದಾಕ ಕಿಕ್ ಹೊಡೆದರು. ಮೂರನೆಯದಕ್ಕೆ ಸ್ಟಾರ್ಟ್.

"ಒಂದು ರೌಂಡ್ ಹೋಗಿಬರ್ಲಾ ಸಾರ್?" ಪ್ರವೀಣನ ಮುಖ ಅರಳಿತ್ತು.

ಸದಾನಂದನ ಅಂಗಳ ದಾಟಿದರೆ ಕಡಿದಾದ ಇಳಿಜಾರು. ಒಂದು ತಿರುವು. ಅದು ಮುಗಿದಲ್ಲೇ ಬೆಳ್ತಂಗಡಿ ರಸ್ತೆ. ಅಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಹೇಗೆ ಬರುತ್ತವೆ ಎಂದು ನಿಮಗೆ ಹೇಳಬೇಕೆ?

ಹಮೀದಾಕ ಕೈ ಒರೆಸುತ್ತಾ ತುಳುವಿನಲ್ಲಿ ಅಂದರು: "ಹಿಂದಿನ ಬ್ರೇಕ್ ಹಿಡಿಯುವುದಿಲ್ಲ. ಮುಂದಿನದಕ್ಕೆ ಕೇಬಲ್ಲೇ ಇಲ್ಲ. ಹುಡುಗನಿಗೆ ಹೇಳುವ."

ಸದಾನಂದ ನಗುಮುಖದಲ್ಲೇ, ತುಳುವಿನಲ್ಲೇ ಉತ್ತರಿಸಿದ: "ಸುಮ್ಮನಿರಿ. ಬ್ರೇಕ್ ಇಲ್ಲ ಅಂದರೆ ಇಂಜಿನ್ ಮೇಲೂ ಸಂಶಯ ಬರ್ತದೆ. ಕಾಲು ಊರಿ ನಿಲ್ಲಿಸ್ತಾನೆ ಬಿಡಿ."

ಇದು ನಮ್ಮವರ ಹಳೇ ಅಭ್ಯಾಸ. ಪರವೂರಿನವರ ಎದುರು ಗುಟ್ಟಿನ ಮಾತು ಬಂತೋ, ತುಳುವಿಗೆ ಇಳಿಯುವುದು. ಬಾಗಿಲು ಹಾಕಿಕೊಂಡಷ್ಟು ನೆಮ್ಮದಿ. ಅಂಗಡಿಯಲ್ಲಿ, ಆಫೀಸಿನಲ್ಲಿ (ಹೆಣ್ಣು ನೋಡಲು ಹೋದಲ್ಲೂ) ಮಾಡಿದ್ದೇವೆ. ಆದರೆ ಅವತ್ತು ಬಾಗಿಲಿನ ಆಚೆ ನಿಂತದ್ದು ಒಂದು ಜೀವ.

ಪ್ರವೀಣ್ ಗಾಡಿ ಹತ್ತಿದ. ಗೇರ್ ಹಾಕುವ ಮೊದಲು ನನ್ನ ಕಡೆ ತಿರುಗಿದ.

"ನೀವು ಹೇಳಿ ಸಾರ್. ಹೋಗ್ಬಹುದಾ?"

ಕೆಳಗೆಲ್ಲೋ ಬಸ್ಸಿನ ಹಾರ್ನ್. ಹಮೀದಾಕ ನೆಲ ನೋಡಿದರು. ಸದಾನಂದ ನನ್ನನ್ನು ನೋಡಿದ. ನಲವತ್ತು ವರ್ಷದ ಗೆಳೆತನ. ಇತ್ತ ಯಾರದೋ ಮಗ. ನನ್ನ ಬಾಯಿಂದ ಬಂದದ್ದೇನು ಗೊತ್ತೆ?

"ಹೋಗಿ. ನಿಧಾನಕ್ಕೆ ಹೋಗಿ."

(ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಬರೆಯುವವರಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ.)

ಅವನು ಕ್ಷಣಹೊತ್ತು ನನ್ನನ್ನೇ ನೋಡಿದ. ಇಂಜಿನ್ ಬಂದ್ ಮಾಡಿದ. ಇಳಿದು ಸ್ಟ್ಯಾಂಡ್ ಹಾಕಿದ.

"ಬ್ರೇಕ್ ಇಜ್ಜಂದೆ ನಿಧಾನ ಪೋಪುನಿ ಎಂಚ ಅಣ್ಣ?"

ಬ್ರೇಕ್ ಇಲ್ಲದೆ ನಿಧಾನಕ್ಕೆ ಹೋಗುವುದು ಹೇಗೆ ಅಂತ. ನಮ್ಮ ಊರಿನದೇ ತುಳು. ಅವನ ತಾಯಿಯ ಮನೆ ಇಲ್ಲೇ ಹತ್ತಿರದ ಮಾಣಿ ಎಂಬ ಊರಂತೆ.

ಹಮೀದಾಕ, "ನಾನು ಹೇಳುವ ಅಂದಿದ್ದೆ" ಎಂದು ಗೊಣಗಿದರು.

"ಕೇಳಿಸ್ತು. ಅದಕ್ಕೇ ಇನ್ನೂ ಇಲ್ಲಿ ನಿಂತಿದೀನಿ" ಅಂದ ಹುಡುಗ.

ಗಾಡಿಯನ್ನು ಅವನೇ ಕೊಂಡ. ಪಿಕಪ್ ತರಿಸಿ ಏರಿಸಿಕೊಂಡು ಹೋದ. ಅವನು ಹೇಳಿದ್ದೇ ರೇಟು. ಸದಾನಂದ ಚೌಕಾಸಿ ಮಾಡಲಿಲ್ಲ, ಯಾವ ಭಾಷೆಯಲ್ಲೂ.

ಮೊನ್ನೆ ನನ್ನ ಮೊಬೈಲಿಗೆ ಒಂದು ವೀಡಿಯೊ ಬಂತು. ತಿಳಿ ಹಸಿರು ಸ್ಕೂಟರ್ ಇಳಿಜಾರಿನಲ್ಲಿ ಬಂದು ಗಕ್ಕನೆ ನಿಲ್ಲುತ್ತದೆ. ಕೆಳಗೆ ಪ್ರವೀಣ್ ಬರೆದಿದ್ದ: "ಬ್ರೇಕ್ ರೆಡಿ ಅಣ್ಣ. ಮೈಸೂರಿಗೆ ಬಂದ್ರೆ ಹಿಂದೆ ಕೂರಿಸ್ಕೊಂಡು ಹೋಗ್ತೀನಿ. ನಿಧಾನಕ್ಕೆ."